ಕೆಂಪು ದಾರದ ಗಂಟು

ದೊಡ್ಡಕ್ಕನಿಗೆ ಸುಮ್ಮನೆ ಕೂರುವ ವಿದ್ಯೆ ಹುಟ್ಟಿನಿಂದಲೇ ಒಲಿದಿಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಹೋಗಿ, ಒಲೆ ಆರಿಸಿದೆನೋ ಇಲ್ಲವೋ, ನಲ್ಲಿ ತಿರುಗಿಸಿದೆನೋ ಇಲ್ಲವೋ ಎಂದು ನೋಡಿ ಬಂದರೇ ತುತ್ತು ಗಂಟಲಲ್ಲಿ ಇಳಿಯುವುದು. ಅವಳ ಗಂಡ ಬಸ್ ಡ್ರೈವರು. "ನಿನ್ನ ಕಾಲಿಗೊಂದು ಹ್ಯಾಂಡ್‌ಬ್ರೇಕ್ ಹಾಕಿಸ್ಬೇಕು ಕಣೇ" ಎಂದು ಅವನು ರೇಗಿಸುವುದು ಮದುವೆಯಾದಾಗಿನಿಂದ ನಡೆದು ಬಂದಿದೆ. ರೋಗ ಬಂದು ಊರಿಗೆ ಊರೇ ಬಾಗಿಲು ಹಾಕಿಕೊಂಡ ಮೇಲೆ ಬಸ್ಸುಗಳು ಡಿಪೋದಲ್ಲಿ ನಿಂತವು, ಡ್ರೈವರು ಮನೆಯಲ್ಲಿ ನಿಂತ. ಈಗ ಕಿಟಕಿಯ ಪಕ್ಕ ಕುರ್ಚಿ ಹಾಕಿಕೊಂಡು ಖಾಲಿ ರಸ್ತೆ ನೋಡುವುದು, ಅಪ್ಪಿತಪ್ಪಿ ಯಾವುದಾದರೂ ಗಾಡಿ ಹೋದರೆ "ಎಷ್ಟು ಕೆಟ್ಟದಾಗಿ ಓಡಿಸ್ತಾನೆ ನೋಡು, ದರಿದ್ರದವನು" ಎಂದು ಗೊಣಗುವುದು, ಇಷ್ಟೇ ಅವನ ಡ್ಯೂಟಿ.

ಅವಳನ್ನು ದೊಡ್ಡಕ್ಕ ಎಂದು ಮೊದಲು ಕರೆದವಳು ತಂಗಿ ಪುಟ್ಟಿ. ಇಬ್ಬರಿಗೂ ವಯಸ್ಸಿನಲ್ಲಿ ತುಂಬಾ ಅಂತರ. ಅಮ್ಮ ಬೇಗ ಕಣ್ಣು ಮುಚ್ಚಿದಳು. ಪುಟ್ಟಿಯ ತಲೆ ಬಾಚಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಹಟ ಮಾಡಿದರೆ ಎರಡು ಬಿಗಿದು ಆಮೇಲೆ ತಾನೇ ಅತ್ತಿದ್ದು, ನರ್ಸಿಂಗ್ ಓದಿಸಿದ್ದು, ಎಲ್ಲಾ ಇವಳೇ. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳು ದೊಡ್ಡಕ್ಕನಿಗೆ ಇಲ್ಲ. ಪುಟ್ಟಿ ಅವಳಿಗೆ ತಂಗಿಯೂ ಹೌದು, ಮಗಳೂ ಹೌದು, ಜೀವವೂ ಹೌದು. ಈಗ ಪುಟ್ಟಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ರೋಗದವರ ವಾರ್ಡಿಗೇ ಹಾಕಿದ್ದಾರೆ. ಮನೆಗೆ ಬರುವ ಹಾಗಿಲ್ಲ, ಆಸ್ಪತ್ರೆಯ ಹಾಸ್ಟೆಲ್ಲಿನಲ್ಲೇ ವಾಸ, ಡ್ಯೂಟಿ ಮುಗಿದ ಮೇಲೆ ಒಂದು ಫೋನು. ಆ ಫೋನು ಬರುವವರೆಗೂ ದೊಡ್ಡಕ್ಕನಿಗೆ ಮುಳ್ಳಿನ ಮೇಲೆ ನಿಂತ ಹಾಗೆ.

ದೊಡ್ಡಕ್ಕ ಕೆಲಸ ಮಾಡುವುದು ರೇನ್‌ಕೋಟು ಹೊಲಿಯುವ ಶೆಡ್ಡಿನಲ್ಲಿ. ತಗಡಿನ ಸೂರು, ಸಾಲಾಗಿ ಹೊಲಿಗೆ ಮಷಿನ್ನುಗಳು, ಒಂದು ಮೂಲೆಯಲ್ಲಿ ಬಿಸಿಗಾಳಿಯಿಂದ ಟೇಪು ಅಂಟಿಸುವ ಹಳೇ ಯಂತ್ರ. ಆ ಯಂತ್ರದ ಮುಂದೆ ಕೂರುವವನಿಗೆ ಶೆಡ್ಡಿನ ಹೆಂಗಸರು ಇಟ್ಟ ಹೆಸರು ಟೇಪಣ್ಣ. ಸೂಜಿ ಹೋದ ಕಡೆಯೆಲ್ಲಾ ಬಟ್ಟೆಗೆ ತೂತು ಬೀಳುತ್ತದಲ್ಲ, ಮಳೆ ನೀರು ನುಗ್ಗುವುದು ಅಲ್ಲಿಂದಲೇ. ಹಾಗಾಗಿ ಪ್ರತಿಯೊಂದು ಹೊಲಿಗೆಯ ಮೇಲೂ ಟೇಪಣ್ಣ ಬಿಸಿ ಟೇಪು ಓಡಿಸಿ ತೂತು ಮುಚ್ಚಬೇಕು. ಅವನ ಬಾಯಿ ಮಾತ್ರ ಯಾವ ಟೇಪಿಗೂ ಮುಚ್ಚುವಂಥದ್ದಲ್ಲ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಒಂದು ಕೋಟನ್ನು ಒಬ್ಬಳೇ ಹೊಲಿಯಬೇಕು, ತೋಳೊಬ್ಬಳು ಜೇಬೊಬ್ಬಳು ಎಂಬ ವ್ಯವಹಾರ ಇಲ್ಲ. ಟೇಪಣ್ಣನ ಹತ್ತಿರ ಹೋಗಿ ಬಂದ ಕೋಟು ಮತ್ತೆ ಹೊಲಿದವಳ ಕೈಗೇ ಬರಬೇಕು. ಅವಳು ಕಾಲರು ಎತ್ತಿ, ಅದರ ಒಳಮಡಿಕೆಯಲ್ಲಿ ತನ್ನ ಬಣ್ಣದ ದಾರದಿಂದ ಒಂದು ಪುಟ್ಟ ಗಂಟು ಹಾಕಿ, ಮಡಿಸಿ, ಕವರಿಗೆ ತುಂಬಬೇಕು. ಒಬ್ಬಳದು ಹಳದಿ, ಒಬ್ಬಳದು ಹಸಿರು, ದೊಡ್ಡಕ್ಕನದು ಕೆಂಪು. ಕೋಟು ಸೋರುತ್ತದೆ ಎಂದು ಗಿರಾಕಿ ವಾಪಸ್ ತಂದರೆ ಯಜಮಾನರು ಕಾಲರು ಎತ್ತಿ ಗಂಟು ನೋಡುತ್ತಿದ್ದರು, ಆಮೇಲೆ ಆ ಬಣ್ಣದವಳಿಗೆ ಮಂಗಳಾರತಿ. ಕೆಂಪು ಗಂಟಿನ ಕೋಟು ಒಂದೇ ಒಂದು ಸಲವೂ ವಾಪಸ್ ಬಂದಿಲ್ಲ. ಇದನ್ನು ದೊಡ್ಡಕ್ಕ ಬಾಯಿಬಿಟ್ಟು ಹೇಳಿಕೊಳ್ಳುತ್ತಿರಲಿಲ್ಲ ಅಂತೇನಿಲ್ಲ, ಹೇಳಿಕೊಳ್ಳುತ್ತಿದ್ದಳು, ಚೆನ್ನಾಗಿಯೇ ಹೇಳಿಕೊಳ್ಳುತ್ತಿದ್ದಳು.

ಊರು ಬಾಗಿಲು ಹಾಕಿದಾಗ ರೇನ್‌ಕೋಟು ಕೇಳುವವರು ಯಾರು? ಹೊರಗೆ ಹೆಜ್ಜೆ ಇಟ್ಟರೆ ತಾನೇ ಮಳೆಯಲ್ಲಿ ನೆನೆಯುವುದು! ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. ಅಷ್ಟರಲ್ಲಿ ಆಸ್ಪತ್ರೆಗಳಲ್ಲಿ ಉಡುಪಿಲ್ಲದೆ ಡಾಕ್ಟರು ನರ್ಸುಗಳು ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಓಡಾಡುತ್ತಿದ್ದಾರೆ ಎಂದು ಸುದ್ದಿ ಬಂತು. ನೀರು ತಡೆಯುವ ಬಟ್ಟೆ ಹೊಲಿಯಲು ಬರುತ್ತದೆ, ಟೇಪಿನ ಯಂತ್ರ ಇದೆ, ಇನ್ನೇನು ಬೇಕು? ಯಜಮಾನರು ಎಲ್ಲರಿಗೂ ಹೇಳಿ ಕಳಿಸಿದರು. ಮೂತಿಗೆ ಬಟ್ಟೆ ಕಟ್ಟಿಕೊಂಡು, ಮಷಿನ್ನುಗಳನ್ನು ದೂರ ದೂರ ಎಳೆದು ಹಾಕಿ, ಶೆಡ್ಡು ಮತ್ತೆ ಗಡಗಡ ಎಂದಿತು. ಪೇಪರಿನವರು ಅದನ್ನು ಪಿಪಿಇ ಕಿಟ್ ಎಂದು ಬರೆಯುತ್ತಿದ್ದರು. ಶೆಡ್ಡಿನಲ್ಲಿ ಅದರ ಹೆಸರು ಸೂಟು.

ಮೊದಲು ಹೊಲಿದ ಸೂಟನ್ನು ಟೇಪಣ್ಣನಿಗೇ ತೊಡಿಸಿದರು. ತಲೆಯಿಂದ ಕಾಲಿನವರೆಗೆ ಬೆಳ್ಳಗೆ, ಮುಖದಷ್ಟೇ ಜಾಗ ಬಿಟ್ಟು. ಶೆಡ್ಡನ್ನು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಬೆವರಿಳಿಸಿಕೊಂಡು, "ಅಯ್ಯಯ್ಯೋ, ಇದರೊಳಗೆ ಮನುಷ್ಯ ಬೇಯ್ತಾನೆ ಕಣ್ರೀ! ಬಿಚ್ರಿ, ಬಿಚ್ರಿ!" ಎಂದು ಕುಣಿದಾಡಿದ. ಹೆಂಗಸರೆಲ್ಲಾ ನಕ್ಕರು. ದೊಡ್ಡಕ್ಕನೂ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಪುಟ್ಟಿ ಇದನ್ನು ತೊಟ್ಟು ಇಡೀ ಡ್ಯೂಟಿ ನಿಲ್ಲಬೇಕು, ನೀರು ಕುಡಿಯುವ ಹಾಗಿಲ್ಲ, ಬಚ್ಚಲಿಗೆ ಹೋಗುವ ಹಾಗಿಲ್ಲ. ಅವತ್ತಿನಿಂದ ದೊಡ್ಡಕ್ಕ ಕಂಕುಳ ಹತ್ತಿರ ಬಟ್ಟೆ ಸ್ವಲ್ಪ ಧಾರಾಳವಾಗಿ ಬಿಟ್ಟಳು, ಕೂತರೆ ಬಿರಿಯದಂತೆ ಹಿಂಭಾಗಕ್ಕೆ ಎರಡು ಹೊಲಿಗೆ ಹಾಕಿದಳು.

ಪರೀಕ್ಷೆ ಮಾಡುವವರು ಬಂದರು. ಸೂಟಿನ ಹೊಲಿಗೆಗಳ ಮೇಲೆ ನೀರು ನಿಲ್ಲಿಸಿ ನೋಡಿದರು. ಹನಿಯೂ ಇಳಿಯಲಿಲ್ಲ. ಸರಿ, ಶುರು ಮಾಡಿ ಎಂದು ಬೆನ್ನು ತಟ್ಟಿ ಹೋದರು.

ಗಂಟಿನ ವಿಷಯ ಯಾರ ತಲೆಗೂ ಬರಲಿಲ್ಲ. ಸೂಟಿಗೆ ಕಾಲರೇ ಇಲ್ಲ, ಇನ್ನು ಗಂಟೆಲ್ಲಿ ಹಾಕುವುದು? ಉಳಿದವರು ಅದನ್ನು ಕೈಬಿಟ್ಟರು. ದೊಡ್ಡಕ್ಕ ಬಿಡಲಿಲ್ಲ. ಮೊದಲ ಪೆಟ್ಟಿಗೆಗಳು ಪುಟ್ಟಿಯ ಆಸ್ಪತ್ರೆಗೇ ಹೋಗುತ್ತವೆ ಎಂದು ಯಜಮಾನರು ಹೇಳಿದ್ದರು. ಟೇಪಣ್ಣನ ಹತ್ತಿರದಿಂದ ವಾಪಸ್ ಬಂದ ಸೂಟನ್ನು ತೊಡೆಯ ಮೇಲೆ ಹರಡಿಕೊಂಡು, ಎಡಗಡೆ ಎದೆಯ ಮೇಲೆ, ಜಿಪ್ಪು ಎಳೆಯುವಾಗ ಕಣ್ಣಿಗೆ ಬೀಳುವಂಥ ಜಾಗದಲ್ಲಿ, ಕೆಂಪು ದಾರ ಚುಚ್ಚಿ ಗಂಟು ಹಾಕಿದಳು. ಹೊರಗಡೆಯಿಂದ ನೋಡಿದರೆ ಒಂದು ಕೆಂಪು ಚುಕ್ಕಿ.

"ಇದೇನು ದೊಡ್ಡಕ್ಕಾ, ಸೂಟಿಗೂ ಮೂಗುಬೊಟ್ಟಾ?" ಎಂದ ಟೇಪಣ್ಣ.

"ನಮ್ಮ ಪುಟ್ಟಿಗೆ ಗೊತ್ತಾಗ್ಲಿ ಅಂತ. ಒಳಗೆ ಒಬ್ಬಳೇ ಇರ್ತಾಳೆ. ಅಕ್ಕನ ಕೈ ಜೊತೆಗಿದೆ ಅನ್ನೋದು ನೆನಪಿರ್ಲಿ."

"ನನ್ನ ಅಕ್ಕ ನನಗೆ ಒಂದು ಕರ್ಚೀಫೂ ಹೊಲಿದು ಕೊಟ್ಟಿಲ್ಲ," ಎಂದು ಟೇಪಣ್ಣ ಮೂಗೆಳೆದ.

ಟೇಪಣ್ಣ ನೋಡಿದ, ಯಜಮಾನರು ನೋಡಿದರು, ಪಕ್ಕದ ಮಷಿನ್ನಿನವರೆಲ್ಲಾ ನೋಡಿದರು. ದಿನವಿಡೀ ಸೂಜಿಯ ತೂತು ಮುಚ್ಚುವುದನ್ನೇ ಬದುಕು ಮಾಡಿಕೊಂಡವರ ಕಣ್ಣೆದುರಿಗೇ ಇವಳು ಸೂಜಿ ಚುಚ್ಚಿದ್ದು. ಒಬ್ಬರಿಗಾದರೂ ಹೊಳೆಯಬಾರದಾ? ಹೊಳೆಯಲಿಲ್ಲ. ಅವರ ಲೆಕ್ಕದಲ್ಲಿ ಅದು ಹೊಲಿಗೆಯೇ ಅಲ್ಲ, ಗುರುತು. ವರ್ಷಾನುಗಟ್ಟಲೆ ಟೇಪು ಹಾಕಿದ ಮೇಲೆಯೇ ಗಂಟು ಹಾಕಿಕೊಂಡು ಬಂದ ಕೈಗಳು. ರೇನ್‌ಕೋಟಿನಲ್ಲಿ ಅದು ಎರಡು ಪದರದ ಕಾಲರಿನ ಮಡಿಕೆಯೊಳಗೆ ಬೆಚ್ಚಗೆ ಕೂತಿರುತ್ತಿತ್ತು, ಅಲ್ಲಿಗೆ ನೀರು ಬರುತ್ತಲೇ ಇರಲಿಲ್ಲ.

ಮೊದಲ ಪೆಟ್ಟಿಗೆ ಹೋದ ಮೇಲೆ ಪುಟ್ಟಿಯ ಫೋನು ಬಂದಾಗ ದೊಡ್ಡಕ್ಕ ಕೇಳಿದ ಮೊದಲ ಮಾತು, "ಗಂಟು ಸಿಕ್ತೇನೇ?"

"ಸಿಕ್ತು ಅಕ್ಕಾ. ಎಡಗಡೆ." ಪುಟ್ಟಿ ಬೇಗನೆ ಮಾತು ಮುಂದುವರಿಸಿದಳು. "ಚೆನ್ನಾಗಿದೆ. ಬಾವ ಏನ್ಮಾಡ್ತಿದ್ದಾರೆ?"

"ಅವರೇನು ಮಾಡ್ತಾರೆ, ರಸ್ತೆ ಕಾಯ್ತಿದ್ದಾರೆ. ದಿನಾ ನಂದೇ ಹಾಕ್ಕೋ, ತಿಳೀತಾ?"

"ಹೂಂ ಅಕ್ಕಾ. ನಿಂದೇ ಹಾಕ್ಕೋತೀನಿ."

ಅವತ್ತು ದೊಡ್ಡಕ್ಕ ನೆಲದ ಮೇಲೆ ಕಾಲಿಡಲಿಲ್ಲ. ಆಮೇಲೆ ಹೊಳೆಯಾಚೆಯ ಆಸ್ಪತ್ರೆಯಿಂದಲೂ ಬೇಡಿಕೆ ಬಂತು. ಯಾವ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಎಂದು ಹೊಲಿಯುವಾಗ ಯಾರಿಗೆ ಗೊತ್ತು? ಪುಟ್ಟಿಗೆ ತಪ್ಪಿಹೋಗಬಾರದೆಂದು ದೊಡ್ಡಕ್ಕ ತಾನು ಹೊಲಿದ ಒಂದೊಂದಕ್ಕೂ ಗಂಟು ಹಾಕಿದಳು.

ಹೀಗೆ ನಡೆಯುತ್ತಿರುವಾಗ ಒಂದು ದಿನ ಅವಳು ಹೊಲಿದು ಗಂಟು ಹಾಕಿದ ಸೂಟೊಂದರ ಜಿಪ್ಪು ಕಿತ್ತುಬಂತು. ಎಳೆದಾಡುವಾಗ ಕಾಲಿನ ಭಾಗವೂ ಹರಿದಿತ್ತು. "ತಗೊಂಡು ಹೋಗಿ ಮನೆಗೆ, ಏನಕ್ಕಾದ್ರೂ ಆಗುತ್ತೆ," ಎಂದರು ಯಜಮಾನರು. ದೊಡ್ಡಕ್ಕನ ಕೈಗೆ ಚೂರು ಬಟ್ಟೆ ಸಿಕ್ಕರೂ ಸುಮ್ಮನಿರುತ್ತದಾ? ಮುಂಭಾಗ ಕತ್ತರಿಸಿ, ಕುತ್ತಿಗೆಗೊಂದು ಸೊಂಟಕ್ಕೊಂದು ಪಟ್ಟಿ ಹಾಕಿ, ಪಾತ್ರೆ ತೊಳೆಯುವಾಗ ಕಟ್ಟಿಕೊಳ್ಳಲು ಏಪ್ರನ್ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಅದನ್ನು ಕಟ್ಟಿಕೊಂಡು ಪಾತ್ರೆ ತೊಳೆಯಲು ನಿಂತಳು. ನಲ್ಲಿ ಜೋರಾಗಿ ಬಿಟ್ಟು, ದೊಡ್ಡ ಪಾತ್ರೆಯ ತಳ ಉಜ್ಜುತ್ತಾ, ಗಂಡನ ಜೊತೆ ಏನೋ ವಾದ ಮಾಡುತ್ತಾ. ನೀರು ಎದೆಯ ಮೇಲೆಲ್ಲಾ ಸಿಡಿಯಿತು, ಏಪ್ರನ್ ತಡೆಯಿತು. ಕೆಲಸ ಮುಗಿಸಿ ಬಿಚ್ಚಿದರೆ ಒಳಗಿನ ಅಂಗಿ ಒಣಗಿಯೇ ಇತ್ತು. ಎಡಗಡೆ ಎದೆಯ ಮೇಲೆ ಮಾತ್ರ ಒಂದು ನಾಣ್ಯದಷ್ಟಗಲ ಒದ್ದೆ.

ಬೆವರಿರಬೇಕು ಎಂದುಕೊಂಡಳು. ಬೆವರು ಅಷ್ಟು ದುಂಡಗೆ ಬರುತ್ತದಾ? ಏಪ್ರನ್ ಎತ್ತಿ ಬೆಳಕಿಗೆ ಹಿಡಿದಳು. ಬೆಳ್ಳನೆಯ ಬಟ್ಟೆ, ನಡುವೆ ಕೆಂಪು ಗಂಟು, ಗಂಟಿನ ಪಕ್ಕದಲ್ಲಿ ಕಿಟಕಿಯ ಬೆಳಕು ಸೂಜಿ ಮೊನೆಯಷ್ಟು ಹೊಳೆಯುತ್ತಿತ್ತು. ಅಂಗೈಯಲ್ಲಿ ನೀರು ಹಿಡಿದು ಅದರ ಮೇಲೆ ಬಿಟ್ಟಳು. ನೀರು ಒಂದು ಗಳಿಗೆ ನಿಂತಿತು. ಆಮೇಲೆ ಕೆಂಪು ದಾರವನ್ನು ಹಿಡಿದುಕೊಂಡು ಕೆಳಗಿಳಿದು, ತೊಟ್ ಎಂದು ಅವಳ ಪಾದದ ಮೇಲೆ ಬಿತ್ತು.

ದೊಡ್ಡಕ್ಕ ಏಪ್ರನ್ ಹಿಡಿದುಕೊಂಡು ಅಲ್ಲೇ ನಿಂತಳು.

"ಏನಾಯ್ತೇ? ಯಾಕೆ ಹಾಗೆ ನಿಂತ್ಬಿಟ್ಟೆ?" ಎಂದ ಗಂಡ.

"ನಾನು ಪುಟ್ಟಿ ಎದೆಗೆ ತೂತು ಹಾಕಿದೀನ್ರೀ."

ಅವನಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ತೋರಿಸಿದಳು. ಇನ್ನೊಮ್ಮೆ ನೀರು ಬಿಟ್ಟಳು, ಇನ್ನೊಮ್ಮೆ ಹನಿ ಬಿತ್ತು. ಯಾವತ್ತೂ ಬಾಯಿಗೆ ಮಾತು ಕಡಿಮೆಯಾಗದ ಮನುಷ್ಯ ಕುರ್ಚಿಯಿಂದ ಎದ್ದು ನಿಂತ, "ಮೊದಲು ಅವಳಿಗೆ ಫೋನ್ ಮಾಡು" ಎಂದ.

ಫೋನು ಸ್ವಿಚ್ ಆಫ್. ಮತ್ತೆ ಮಾಡಿದಳು, ಸ್ವಿಚ್ ಆಫ್. ವಾರ್ಡಿಗೆ ಹೋಗಿರುತ್ತಾಳೆ. ಸೂಟು ತೊಟ್ಟಿರುತ್ತಾಳೆ. ಅಕ್ಕ ಹೇಳಿದ್ದಾಳಲ್ಲ, ನಂದೇ ಹಾಕ್ಕೋ ಅಂತ! ಕೆಮ್ಮುವವರ ಮೇಲೆ ಬಾಗಿ, ಸೀನುವವರ ಬಾಯಿ ಒರೆಸಿ, ಎಡಗಡೆ ಎದೆಯ ಮೇಲೆ ಅಕ್ಕನ ತೂತು ಇಟ್ಟುಕೊಂಡು ನಿಂತಿರುತ್ತಾಳೆ. ದೊಡ್ಡಕ್ಕ ಚಪ್ಪಲಿ ಮೆಟ್ಟಿದಳು, ಏಪ್ರನ್ನು ಕಂಕುಳಲ್ಲಿ ಸುತ್ತಿಕೊಂಡಳು, ಹೊರಟಳು. "ನಾನೂ ಬರ್ತೀನಿ ಇರು" ಎಂದು ಗಂಡ ಅಂಗಿ ಹುಡುಕುವಷ್ಟರಲ್ಲಿ ಅವಳು ಬೀದಿಯ ತಿರುವಿನಲ್ಲಿದ್ದಳು.

ಬೀದಿ ಬಿಕೋ ಎನ್ನುತ್ತಿತ್ತು. ಷಟರ್ ಎಳೆದ ಅಂಗಡಿಗಳು, ಅಂಗಡಿ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳು, ವೃತ್ತದೊಳಗೆ ನಿಂತು ಔಷಧಿಗೆ ಕಾಯುತ್ತಿರುವ ಒಬ್ಬ ಮುದುಕ. ಓಡುತ್ತಿರುವ ಹೆಂಗಸನ್ನು ನೋಡಿ ಬ್ಯಾರಿಕೇಡಿನ ಹತ್ತಿರ ನಿಂತಿದ್ದ ಪೊಲೀಸಿನವನು ಲಾಠಿ ಅಡ್ಡ ಹಿಡಿದ. "ಎಲ್ಲಿಗಮ್ಮ?"

"ಸೂಟು ಹೊಲಿಯೋ ಶೆಡ್ಡಿಗೆ. ಬಿಡಪ್ಪಾ, ಪುಣ್ಯ ಬರುತ್ತೆ."

"ಓ, ಆಸ್ಪತ್ರೆಯವರ ಬಟ್ಟೆ ಹೊಲಿಯೋರಾ? ಹೋಗಿ ತಾಯಿ, ಹೋಗಿ. ನಿಮ್ಮಂಥೋರಿಂದ ಎಷ್ಟೋ ಜೀವ ಉಳಿದಿದೆ." ಅವನು ಲಾಠಿ ಇಳಿಸಿ ಸಲಾಮು ಹೊಡೆದ. ಆ ಸಲಾಮು ಅವಳ ಕೆನ್ನೆಗೆ ಬಾರಿಸಿದ ಹಾಗಿತ್ತು.

ಶೆಡ್ಡಿನ ಮುಂದೆ ಲಾರಿ ನಿಂತಿತ್ತು. ಹಮಾಲಿಗಳು ಪೆಟ್ಟಿಗೆ ಏರಿಸುತ್ತಿದ್ದರು. ಯಜಮಾನರು ಮಾಸ್ಕನ್ನು ಗದ್ದಕ್ಕೆ ಇಳಿಸಿಕೊಂಡು ಯಾರ ಜೊತೆಗೋ ಫೋನಿನಲ್ಲಿ ನಗುತ್ತಿದ್ದರು. ಹಿಂದಿನ ವಾರ ಪೇಪರಿನಲ್ಲಿ ಅವರ ಫೋಟೋ ಬಂದಿತ್ತು. ಅವತ್ತಿನಿಂದ ನಗು ಇಳಿದೇ ಇರಲಿಲ್ಲ.

"ಲಾರಿ ಬಿಡಬೇಡಿ!" ಎಂದು ದೊಡ್ಡಕ್ಕ ದೂರದಿಂದಲೇ ಕೂಗಿದಳು.

ಏದುಸಿರು ಬಿಡುತ್ತಾ ಏಪ್ರನ್ ಹರಡಿ, ಹೊರಗಿನ ತೊಟ್ಟಿಯಿಂದ ನೀರು ತೆಗೆದು ಗಂಟಿನ ಮೇಲೆ ಸುರಿದು ತೋರಿಸಿದಳು. ಯಜಮಾನರು ನೋಡಿದರು. ಟೇಪಣ್ಣನೂ ಬಂದು ನೋಡಿದ. ಅವನು ಬೆರಳಿನಿಂದ ಗಂಟು ಸವರಿ, "ಅಯ್ಯೋ ನನ್ನ ಕಣ್ಣು ಸೇದಿಹೋಗ! ದಿನಾ ನೋಡ್ತಿದ್ನಲ್ಲೇ ಅಕ್ಕಾ ಇದನ್ನ" ಎಂದು ಹಣೆ ಚಚ್ಚಿಕೊಂಡ.

ಯಜಮಾನರ ನಗು ಈಗ ಇಳಿದಿತ್ತು. ಅವರು ದನಿ ತಗ್ಗಿಸಿದರು. "ಸ್ವಲ್ಪ ಮೆತ್ತಗೆ ಮಾತಾಡಿ. ಸೂಜಿ ಮೊನೆಯಷ್ಟು ತೂತು ದೊಡ್ಡಕ್ಕಾ. ನೀರು ನಿಧಾನಕ್ಕೆ ಇಳಿದಿದೆ, ಅಷ್ಟೇ. ಇನ್ಮೇಲೆ ಹಾಕ್ಬೇಡಿ, ಮುಗೀತು. ಈಗ ಹೋಗಿ ಹೇಳಿದ್ರೆ ಇಡೀ ಆರ್ಡರೇ ನಿಲ್ಲಿಸ್ತಾರೆ. ನಿಲ್ಲಿಸಿದ್ರೆ ಆ ನರ್ಸುಗಳು ಮತ್ತೆ ಚೀಲ ಸುತ್ಕೋಬೇಕು. ಇಲ್ಲಿ ಇಷ್ಟು ಜನ ಮನೇಲಿ ಕೂರ್ಬೇಕು. ಯೋಚನೆ ಮಾಡಿ."

ಅವರ ಮಾತಿನಲ್ಲಿ ಸತ್ಯ ಇಲ್ಲದೆ ಇರಲಿಲ್ಲ. ಅದಕ್ಕೇ ಅದು ದೊಡ್ಡಕ್ಕನಿಗೆ ಇನ್ನೂ ಉರಿ ಹತ್ತಿಸಿತು. "ಯೋಚನೆ ಮಾಡ್ಕೊಂಡೇ ಓಡಿ ಬಂದೆ ಯಜಮಾನ್ರೇ. ಇಷ್ಟು ವರ್ಷ ಕಾಲರು ಎತ್ತಿ ಗಂಟು ನೋಡಿ ಬೈದಿರಿ. ಮಳೇಲಿ ನೆನೆದೋರಿಗೆ ನೆಗಡಿ ಬರ್ತಿತ್ತು, ಅಷ್ಟೇ. ಇವತ್ತು ಬೈಯ್ರಿ ನನ್ನ. ಕೆಂಪು ಗಂಟು ವಾಪಸ್ ಬಂದಿದೆ."

ಅವರ ಉತ್ತರಕ್ಕೆ ಅವಳು ಕಾಯಲಿಲ್ಲ. ಲಾರಿ ಹತ್ತಿ ಪೆಟ್ಟಿಗೆ ಎಳೆಯತೊಡಗಿದಳು. ಹಮಾಲಿಗಳು ಪಿಳಿಪಿಳಿ ನೋಡಿದರು. ಟೇಪಣ್ಣ ಮೊದಲು ಯಜಮಾನರ ಮುಖ ನೋಡಿದ, ಆಮೇಲೆ ಅವಳ ಮುಖ ನೋಡಿದ, ಪ್ಯಾಂಟು ಮೇಲಕ್ಕೆ ಎಳೆದುಕೊಂಡು ಲಾರಿ ಹತ್ತಿದ. "ಕೊಡಕ್ಕಾ ಇತ್ಲಾಗೆ. ಗಂಟಿನ ಮೇಲೆ ಎರಡೂ ಕಡೆ ಟೇಪ್ ಒತ್ತಿದ್ರೆ ಸರಿಹೋಗುತ್ತೆ. ಮಧ್ಯಾಹ್ನದೊಳಗೆ ಮುಗಿಸಿಕೊಡ್ತೀನಿ, ಆದ್ರೆ ಹಳೇದು ಹೊರಟುಹೋಗಿದೆಯಲ್ಲ?"

ಹಳೇದು. ಅವಳು ಓಡಿ ಬಂದದ್ದೇ ಅದಕ್ಕೆ.

ಯಜಮಾನರು ಬಹಳ ಹೊತ್ತು ಲಾರಿಯ ಪಕ್ಕ ನಿಂತಿದ್ದರು. ಕೆಟ್ಟ ಮನುಷ್ಯ ಅಲ್ಲ, ಹೆದರಿದ್ದರು, ಅಷ್ಟೇ. ಕೊನೆಗೆ ಮಾಸ್ಕು ಮೂಗಿನ ಮೇಲೆ ಏರಿಸಿಕೊಂಡು, "ಬನ್ನಿ ಒಳಗೆ, ಫೋನ್ ಮಾಡೋಣ. ನಾನು ನಂಬರ್ ಹಾಕ್ತೀನಿ, ಹೇಳೋದು ನೀವೇ ಹೇಳಿ. ನನ್ನ ಬಾಯಲ್ಲಿ ಬರಲ್ಲ" ಎಂದರು.

ಮೊದಲು ದೊಡ್ಡಾಸ್ಪತ್ರೆಯ ಸ್ಟೋರಿಗೆ ಮಾಡಿದರು. ಅಲ್ಲಿಯವನು ಕೇಳಿಸಿಕೊಂಡು, "ಕೆಂಪು ಚುಕ್ಕಿದಾ? ಅದು ಒಂದೂ ಇಲ್ಲಿಲ್ಲ ಮೇಡಂ. ಪೆಟ್ಟಿಗೆ ಬಿಚ್ಚಿದ ತಕ್ಷಣ ವಾರ್ಡಿನ ಸಿಸ್ಟರೊಬ್ರು ಬಂದು ಆ ಚುಕ್ಕಿ ಇರೋದನ್ನೆಲ್ಲಾ ಆರಿಸಿಕೊಂಡು ಹೋಗ್ಬಿಡ್ತಾರೆ" ಎಂದ. ವಾರ್ಡಿಗೆ ಹೇಳಿ ಕಳಿಸುತ್ತೇನೆ ಎಂದು ಫೋನಿಟ್ಟ. ಆ ಸಿಸ್ಟರು ಬೇರೆ ಯಾರು? ಪುಟ್ಟಿಯೇ. ತಾನು ತೊಡುವುದಲ್ಲದೆ ಇಡೀ ವಾರ್ಡಿಗೆ ಹಂಚುತ್ತಿದ್ದಾಳೆ, ನಮ್ಮಕ್ಕ ಹೊಲಿದದ್ದು ಅಂತ.

ಆಮೇಲಿನ ಕಾಯುವಿಕೆಯನ್ನು ಏನು ಹೇಳುವುದು! ದೊಡ್ಡಕ್ಕ ಶೆಡ್ಡಿನ ಈ ತುದಿಯಿಂದ ಆ ತುದಿಗೆ ನಡೆದಳು, ಆ ತುದಿಯಿಂದ ಈ ತುದಿಗೆ ನಡೆದಳು. ನೆಲದ ಮೇಲೆ ಬಿದ್ದ ದಾರದ ಚೂರು ಹೆಕ್ಕಿದಳು, ಹೆಕ್ಕಿದ್ದನ್ನು ಎಲ್ಲಿ ಹಾಕುವುದೆಂದು ತೋಚದೆ ಮತ್ತೆ ಕೆಳಗೆ ಬಿಟ್ಟಳು. ಯಾರೋ ಚಹಾ ತಂದು ಇಟ್ಟರು, ಅದು ಆರಿ ಕೆನೆ ಕಟ್ಟಿತು. ಏದುಸಿರು ಬಿಡುತ್ತಾ ಗಂಡನೂ ಬಂದ, ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು. "ಕೂತ್ಕೊಳ್ಳೇ" ಎಂದ. ಅವತ್ತು ಹ್ಯಾಂಡ್‌ಬ್ರೇಕಿನ ಮಾತು ಎತ್ತಲಿಲ್ಲ.

ಡ್ಯೂಟಿ ಮುಗಿಯುವ ಹೊತ್ತಿಗೆ ಪುಟ್ಟಿಯ ಫೋನು ಬಂತು.

"ಪುಟ್ಟಿ, ಆ ಗಂಟು..." ಎಂದಳು ದೊಡ್ಡಕ್ಕ. "ಅದು ತೂತು ಕಣೇ. ಒಳಗೆ ನೀರಿಳಿಯುತ್ತೆ. ನಾನೇ ನಿಂಗೆ..."

"ಗೊತ್ತು ಅಕ್ಕಾ."

"ಏನು ಗೊತ್ತು?"

"ಮೊದಲನೇ ದಿನಾನೇ ಗೊತ್ತಾಯ್ತು. ಬಿಚ್ಚೋ ಮುಂಚೆ ಔಷಧಿ ಸಿಂಪಡಿಸ್ತಾರೆ. ಬಿಚ್ಚಿದ್ರೆ ಒಳಗಿನ ಬಟ್ಟೆ ಅಲ್ಲೊಂದು ಕಡೆ ಒದ್ದೆ. ಅವತ್ತಿಂದ ಪೆಟ್ಟಿಗೆ ಬಂದ ತಕ್ಷಣ ನಿನ್ನವನ್ನೆಲ್ಲಾ ಆರಿಸಿ, ಗಂಟಿನ ಮೇಲೆ ಎರಡೂ ಕಡೆ ಪ್ಲಾಸ್ಟರ್ ಹಾಕಿ ಕೊಡ್ತೀನಿ. ನಂಗೇನೂ ಆಗಿಲ್ಲ ಅಕ್ಕಾ, ಟೆಸ್ಟೂ ಮಾಡಿಸಿದೀನಿ. ಅಳಬೇಡ."

ದೊಡ್ಡಕ್ಕ ಪಕ್ಕದಲ್ಲಿದ್ದ ಬಟ್ಟೆಯ ಸುರುಳಿಯ ಮೇಲೆ ಕೂತಳು. ಗಂಡ "ಏನಂತೆ, ಏನಂತೆ" ಎಂದು ಕಿವಿಯ ಹತ್ತಿರ ಬಗ್ಗಿದ. ಅವಳು ಒಂದೆರಡು ಉಸಿರು ಎಳೆದುಕೊಂಡಳು, ಆಮೇಲೆ ಕಿಡಿಕಿಡಿಯಾದಳು.

"ಹೇಳೋಕ್ಕೇನೇ ಬಂದಿತ್ತು ರೋಗ ನಿಂಗೆ? ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ನೀನು ಅಷ್ಟು ಖುಷಿಯಿಂದ ಕೇಳಿದೆಯಲ್ಲ, ಗಂಟು ಸಿಕ್ತಾ ಅಂತ. ತೂತು ಅಂತ ಹೇಗೆ ಹೇಳ್ಲಿ? ಹೇಳಿದ್ರೆ ನೀನು ಮತ್ತೆ ಮಷಿನ್ ಮುಂದೆ ಕೂರ್ತಿರಲಿಲ್ಲ. ಒಂದು ಚೂರು ಪ್ಲಾಸ್ಟರ್ ತಾನೇ, ಹಾಕಿದ್ರಾಯ್ತು ಅಂದ್ಕೊಂಡೆ."

"ಎಲ್ಲಾ ಕಡೆ ನೀನಿರ್ತೀಯೇನೇ ಪ್ಲಾಸ್ಟರ್ ಹಾಕೋಕೆ? ಹೊಳೆಯಾಚೆ ಆಸ್ಪತ್ರೆಗೂ ಹೋಗಿದೆ ಕಣೇ ನನ್ನ ಗಂಟು!"

"ಬೇರೆಯವರಿಗೂ ಹಾಕಿದ್ಯಾ? ನಮ್ಮ ಪೆಟ್ಟಿಗೇಲಿ ಮಾತ್ರ ಅಂದ್ಕೊಂಡಿದ್ದೆ ಅಕ್ಕಾ. ನಂಗೆ ಅಂತ ಹಾಕಿದ್ದು ಅಂದ್ಕೊಂಡಿದ್ದೆ."

ಹೌದು, ನಿನಗೆ ಅಂತಲೇ ಹಾಕಿದ್ದು, ಎಂದುಕೊಂಡಳು ದೊಡ್ಡಕ್ಕ. ಅಕ್ಕನಿಗೆ ತಂಗಿ ಒಬ್ಬಳೇ ಕಂಡಳು, ತಂಗಿಗೆ ಅಕ್ಕ ಒಬ್ಬಳೇ ಕಂಡಳು. ಇಬ್ಬರ ಮಧ್ಯೆ ಊರಿನ ಉಳಿದ ಹೆಣ್ಣುಮಕ್ಕಳು ಆ ತೂತು ತೊಟ್ಟುಕೊಂಡು ವಾರ್ಡಿಗೆ ಹೋಗುತ್ತಿದ್ದರು. ಪುಟ್ಟಿ ಬದುಕಿದ್ದಾಳೆ, ಸುಖವಾಗಿದ್ದಾಳೆ ಎಂದು ಗೊತ್ತಾದ ಆ ಗಳಿಗೆಯಲ್ಲೇ ದೊಡ್ಡಕ್ಕನಿಗೆ ತನ್ನ ನೆಮ್ಮದಿಯ ಬಗ್ಗೆ ನಾಚಿಕೆಯಾಯಿತು.

ಬೆಳಿಗ್ಗೆಯಿಂದ ಎಷ್ಟು ಮಾಡಿದರೂ ಸಿಗದಿದ್ದ ಹೊಳೆಯಾಚೆಯ ಆಸ್ಪತ್ರೆಗೆ ಯಜಮಾನರು ಆಗಲೇ ಮತ್ತೆ ನಂಬರು ಒತ್ತಿದ್ದರು. ಹಿರಿಯ ನರ್ಸೊಬ್ಬರು ಎತ್ತಿಕೊಂಡರು. ದೊಡ್ಡಕ್ಕ ಸೂಟು ಹೊಲಿಯುವವಳು ಎಂದು ಹೇಳಿಕೊಂಡದ್ದೇ ತಡ, ಆ ಕಡೆಯ ದನಿ ಅರಳಿತು.

"ಅಯ್ಯೋ, ಕೆಂಪು ಚುಕ್ಕಿಯವರು ನೀವೇನಾ? ನಿಮ್ಮದಕ್ಕೆ ಇಲ್ಲಿ ಪೈಪೋಟಿ ಗೊತ್ತಾ! ಕಂಕುಳಲ್ಲಿ ಬಿಗಿಯಲ್ಲ, ಕೂತ್ರೆ ಹರಿಯಲ್ಲ. ನಮ್ಮ ಹುಡುಗೀರು ಒಳಗೆ ಹೋಗೋ ಮುಂಚೆ ಆ ಗಂಟು ಮುಟ್ಟಿಕೊಂಡು ಹೋಗ್ತಾರೆ ಕಣಮ್ಮ. ಯಾರೋ ನಮಗೋಸ್ಕರ ಕೈಯಾರೆ ಹಾಕಿದ್ದಾರೆ, ನಮ್ಮನ್ನ ಕಾಯುತ್ತೆ ಅಂತ."

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು. ಹೇಳದೆ ವಿಧಿಯಿರಲಿಲ್ಲ.

"ಅದು ಕಾಯಲ್ಲಮ್ಮ. ಅದು ತೂತು. ನಾನು ತಿಳೀದೆ ಮಾಡಿದ ತೂತು. ಎರಡೂ ಕಡೆ ಪ್ಲಾಸ್ಟರ್ ಹಾಕಿ ಮುಚ್ಚಿ. ಈಗಲೇ ಮುಚ್ಚಿ. ಮುಚ್ಚದೆ ಯಾರಿಗೂ ಕೊಡಬೇಡಿ."

ಆ ಕಡೆ ಯಾರಿಗೋ ಪ್ಲಾಸ್ಟರ್ ತರಲು ಹೇಳಿದ್ದು ಕೇಳಿಸಿತು. ಆಮೇಲೆ ನರ್ಸಮ್ಮ ಮೆಲ್ಲಗೆ, "ನಮ್ಮ ಹುಡುಗಿ ಒಬ್ಬಳು ಮಲಗಿದ್ದಾಳೆ" ಎಂದರು. "ಆಕ್ಸಿಜನ್ ಹಾಕಿದೀವಿ. ಇದರಿಂದಾನೇ ಅಂತ ಹೇಳೋಕಾಗಲ್ಲ. ಇಲ್ಲಿ ಹೇಗೆ ಬೇಕಾದ್ರೂ ಬರುತ್ತೆ. ಆದ್ರೆ ಅವಳು ನಿಮ್ಮದನ್ನೇ ಹುಡುಕಿ ಹಾಕ್ಕೋತಿದ್ಲು."

ಆರ್ಡರು ನಿಲ್ಲಲಿಲ್ಲ. ಎರಡು ದಿನ ತಡೆಹಿಡಿದರು, ಬಂದು ಬೈದರು, ಎಲ್ಲವನ್ನೂ ಮತ್ತೆ ಪರೀಕ್ಷೆ ಮಾಡಿದರು, ಬಿಟ್ಟರು. ಟೇಪಣ್ಣನ ಯಂತ್ರಕ್ಕೆ ಬಿಡುವಿಲ್ಲದಾಯಿತು. ದೊಡ್ಡಕ್ಕ ಕೆಂಪು ದಾರದ ಉರುಳೆಯನ್ನು ಯಜಮಾನರ ಕೈಗೆ ಕೊಟ್ಟು ಬೀರುವಿನಲ್ಲಿ ಇಡಿಸಿದಳು. ಆದರೂ ಸೂಟು ಮಡಿಸುವ ಮುಂಚೆ ಕೈ ತಾನಾಗಿ ಎಡಕ್ಕೆ, ಉರುಳೆಯಿದ್ದ ಜಾಗಕ್ಕೆ ಹೋಗುತ್ತಿತ್ತು, ಖಾಲಿ ಹಲಗೆ ಮುಟ್ಟಿ ವಾಪಸ್ ಬರುತ್ತಿತ್ತು.

ದಿನಾ ಬೆಳಿಗ್ಗೆ ಮಷಿನ್ನಿಗೆ ಕೂರುವ ಮುಂಚೆ ಅವಳು ಹೊಳೆಯಾಚೆಗೆ ಫೋನು ಮಾಡಿದಳು. ಹಾಗೇ ಇದ್ದಾಳೆ, ಎನ್ನುತ್ತಿದ್ದರು. ಇವತ್ತು ಸ್ವಲ್ಪ ಕಷ್ಟ, ಎನ್ನುತ್ತಿದ್ದರು. ಒಂದು ದಿನ ಎರಡು ಚಮಚ ಗಂಜಿ ಕುಡಿದಳು, ಎಂದರು. ಪುಟ್ಟಿ ಫೋನು ಮಾಡಿದರೆ ದೊಡ್ಡಕ್ಕ ಈಗ ಮೊದಲು ಕೇಳುತ್ತಿದ್ದದ್ದು ಅದೇ ಹುಡುಗಿಯ ವಿಷಯ, ಆಕ್ಸಿಜನ್ ಹಾಕಿದೋರು ಏಳ್ತಾರೇನೇ ಪುಟ್ಟಿ, ನೀನು ನೋಡಿದೀಯಾ ಎದ್ದೋರನ್ನ?

ಒಂದು ಬೆಳಿಗ್ಗೆ ನರ್ಸಮ್ಮ, "ಅವಳಿಗೇ ಕೊಡ್ತೀನಿ, ಇರಿ. ಯಾರು ದಿನಾ ಕೇಳೋದು ಅಂತ ಪ್ರಾಣ ತಿಂತಿದ್ದಾಳೆ" ಎಂದರು.

ಏನೋ ಸರಿದಾಡಿದ ಸದ್ದು. ಆಮೇಲೆ ನೂಲಿನಂಥ ದನಿ. "ಗಂಟಿನ ಅಕ್ಕಾನಾ?"

"ಹೌದಮ್ಮ." ಎಷ್ಟೋ ದಿನದಿಂದ ಕೂಡಿಟ್ಟುಕೊಂಡ ಮಾತೆಲ್ಲಾ ದೊಡ್ಡಕ್ಕನ ಬಾಯಿಂದ ಒಂದೇ ಸಮನೆ ಬಂತು. "ಆ ತೂತು ನಂದು. ನಿಂಗೆ ಹೀಗಾಗಿದ್ದು ನನ್ನಿಂದಾನೋ ಏನೋ. ನಮ್ಮ ಪುಟ್ಟಿಗೆ ಅಂತ ಹಾಕ್ದೆ, ನಿನ್ನ ಬಗ್ಗೆ ಯೋಚನೇನೇ ಮಾಡ್ಲಿಲ್ಲ. ಬೈಯಮ್ಮ ನನ್ನ, ಬಾಯಿಗೆ ಬಂದಂಗೆ ಬೈ."

ಹುಡುಗಿ ಬೈಯಲಿಲ್ಲ. ಬೈಯಲು ಉಸಿರೂ ಇರಲಿಲ್ಲ. ಒಂದೊಂದೇ ಮಾತು ಎತ್ತಿಡುವ ಹಾಗೆ ಹೇಳಿದಳು: "ಒಳಗೆ ಯಾರ ಮುಖಾನೂ ಕಾಣಲ್ಲ ಅಕ್ಕಾ. ಎಲ್ಲಾ ಬಿಳೀ. ಅದೊಂದು ಕೆಂಪು ಕಾಣ್ತಿತ್ತು. ಮನೆಯೋರು ಯಾರೋ ಜೊತೇಲಿ ಬಂದಿದ್ದಾರೆ ಅನ್ಸೋದು."

ದೊಡ್ಡಕ್ಕ ಬಿಕ್ಕಿ ಬಿಕ್ಕಿ ಅತ್ತಳು, ಇಡೀ ಶೆಡ್ಡು ನೋಡುತ್ತಿದ್ದರೂ ಅತ್ತಳು. ಆ ಕಡೆ ಹುಡುಗಿ ಕೆಮ್ಮಿದಳು, ಕೆಮ್ಮು ನಿಲ್ಲುವವರೆಗೆ ಇಬ್ಬರೂ ಕಾದರು.

"ಮಾತಾಡೋಕಾಗ್ತಿಲ್ಲ," ಎಂದಳು ಹುಡುಗಿ. "ಫೋನ್ ಇಡಬೇಡಿ ಅಕ್ಕಾ. ಸ್ವಲ್ಪ ಹೊತ್ತು ಹಾಗೇ ಇರಿ."

"ಇರ್ತೀನಿ ಕಂದಾ."

ಮಷಿನ್ನುಗಳು ಶುರುವಾದವು. ಟೇಪಣ್ಣ ಎರಡು ಸಲ ಬಂದು, ಏನೋ ಕೇಳಲು ಬಾಯಿ ತೆರೆದು, ಹಾಗೇ ಹೋದ. ಮುಂದಿಟ್ಟ ಚಹಾ ಆರಿತು. ದೊಡ್ಡಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, ಆ ಹುಡುಗಿಯ ಉಸಿರು ಏರುವುದನ್ನು ಇಳಿಯುವುದನ್ನು ಕೇಳುತ್ತಾ, ಎದ್ದು ಹೋಗದೆ ಕೂತೇ ಇದ್ದಳು.